ಕಬಿನಿ ಕಣಿವೆಯ ಆದಿಬೇಸಾಯ: ಕಾಲನಿರ್ಣಯ

ವಯನಾಡಿನಿಂದ ಇಳಿದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರು ಕಡೆಯ ಕಾಡುಸೀಮೆಯನ್ನು ದಾಟಿ ಹರಿಯುವ ಕಬಿನಿ, ಕಾವೇರಿಯನ್ನು ಕೂಡುವುದು ತಿ. ನರಸೀಪುರದಲ್ಲಿ. ಅಲ್ಲಿ 1959ರಿಂದ 1965ರವರೆಗೆ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ಉಜ್ಜಿ ನಯಮಾಡಿದ ಕಲ್ಲುಗೊಡಲಿ, ಬೂದುಬಣ್ಣದ ಮಡಕೆ, ಸುಟ್ಟಮಣ್ಣಿನ ತಲೆದಿಂಬು, ಸಮಾಧಿ ದೊರೆತವು. ಇಂಗಾಲ-14ರ ಪರೀಕ್ಷೆ ಈ ನೆಲೆಯನ್ನು ಕ್ರಿ.ಪೂ. 2ನೆಯ ಸಹಸ್ರಮಾನಕ್ಕೆ ಒಯ್ಯುತ್ತದೆ. ಹಾಗೆಂದು ಕಣಿವೆಯಲ್ಲಿ ಬೇಸಾಯಕ್ಕೂ ಅಷ್ಟೇ ವಯಸ್ಸು ಎನ್ನಲಾಗದು. ಜನ ನೆಲೆ ನಿಂತದ್ದು, ದನ ಸಾಕಿದ್ದು, ಬಿತ್ತಿ ಬೆಳೆದದ್ದು ಮೂರು ಬೇರೆ ಸಂಗತಿಗಳು. ಒಂದರ ಕಾಲವನ್ನು ಇನ್ನೊಂದಕ್ಕೆ ಹೊರಿಸಬಾರದು.

ಕರ್ನಾಟಕದ ಸಂಶೋಧನೆಯ ಇತಿಹಾಸವೇ ಇದನ್ನು ಕಲಿಸುತ್ತದೆ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್ ನವಶಿಲಾಯುಗದ ಕಲ್ಲುಗೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 1ನೆಯ ಸಹಸ್ರಮಾನದಲ್ಲಿ ಇಟ್ಟಿದ್ದರು. ಇಂಗಾಲದ ಕಾಲಗಣನೆ ಅದನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ತಳ್ಳಿತು. ಕೊಡೇಕಲ್, ಬೂದಿಹಾಳದ ಬೂದಿದಿಬ್ಬಗಳು ಸಗಣಿ ಸುಟ್ಟ ರಾಶಿಗಳಾದ್ದರಿಂದ ದನಗಾಹಿಗಳ ಬದುಕಿಗೆ ಗಟ್ಟಿ ಸಾಕ್ಷಿ. ಬೆಳೆಗೆ ಅವು ಸಾಕ್ಷಿಯಲ್ಲ. ಬೆಳೆಗೆ ಬೇಕಾದದ್ದು ಕಾಳು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಕರಿಕಾದ ಕಾಳು ತೇಲುತ್ತದೆ, ಅದನ್ನು ಸಣ್ಣ ಜಾಲರಿಯಲ್ಲಿ ಹಿಡಿಯುತ್ತಾರೆ. ಹೀಗೆ ಸಂಗನಕಲ್ಲು, ಹಳ್ಳೂರು ಮೊದಲಾದೆಡೆ ದೊರೆತ ಹುರುಳಿ, ಹೆಸರು, ಕೊರಲೆಗಳು ಈ ನೆಲದ್ದೇ ಬೇಸಾಯವನ್ನು ತೋರಿಸಿಕೊಟ್ಟವು. ಗೋಧಿ, ಬಾರ್ಲಿ ಹೊರಗಿನಿಂದ ಬಂದವು. ಕಾಲನಿರ್ಣಯಕ್ಕೆ ಕಾಳನ್ನೇ ನೇರವಾಗಿ ಅಳೆಯುವುದು ಇದ್ದಿಲನ್ನು ಅಳೆಯುವುದಕ್ಕಿಂತ ನಂಬಲರ್ಹ, ಏಕೆಂದರೆ ಹಳೆಯ ಮರದ ತಿರುಳು ಒಲೆಗೆ ಬೀಳುವ ಹೊತ್ತಿಗೇ ನೂರಾರು ವರ್ಷ ಹಳತಾಗಿರಬಹುದು, ಕಾಳು ಮಾತ್ರ ಒಂದೇ ಹಂಗಾಮಿನದು. ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್, ರವಿ ಕೋರಿಶೆಟ್ಟರ್ 2007ರಲ್ಲಿ ಪ್ರಕಟಿಸಿದ ಕಾಲಾನುಕ್ರಮಣಿಕೆ ದಕ್ಷಿಣದ ನವಶಿಲಾಯುಗವನ್ನು ಒಂದೇ ಗಂಟಾಗಿ ನೋಡದೆ ಹಂತಹಂತವಾಗಿ ಬಿಡಿಸಿದ್ದು ಇಂಥ ಅಳತೆಗಳ ಬಲದಿಂದ.

ಕೊಡಲಿ ಇದ್ದಮೇಲೆ ಕಾಡು ಕಡಿದು ಹೊಲ ಮಾಡಿರಲೇಬೇಕಲ್ಲ ಎಂಬ ಆಕ್ಷೇಪವುಂಟು. ಆದರೆ ಗುಡಿಸಲಿಗೂ ದನದ ದೊಡ್ಡಿಯ ಬೇಲಿಗೂ ಮರ ಕಡಿಯಲೇಬೇಕು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ಸುಡದ ಕಾಳು ಕೊಳೆಯುತ್ತದೆ, ಗೆಡ್ಡೆಗೆಣಸು ಸುಲಭಕ್ಕೆ ಗುರುತು ಉಳಿಸದು, ಕಾಳು ಸಿಗಲಿಲ್ಲವೆಂದು ಬೇಸಾಯವೇ ಇರಲಿಲ್ಲ ಎನ್ನಬಹುದೆ? ಖಂಡಿತ ಇಲ್ಲ. ಆದರೆ ಆ ಕೊರತೆಯನ್ನು ಇಂದಿನ ಹೊಲ ನೋಡಿ ತುಂಬಿಕೊಳ್ಳುವುದೂ ತಪ್ಪು. ಹೆಗ್ಗಡದೇವನಕೋಟೆ ಸೀಮೆಯ ಮುದ್ದೆಯ ರಾಗಿ ಆಫ್ರಿಕಾ ಮೂಲದ್ದು. ಪ್ರಾಚೀನ ನೆಲೆಗಳಲ್ಲಿ ರಾಗಿಯೆಂದು ವರದಿಯಾದ ಹಲವು ಕಾಳುಗಳು ಮರುಪರಿಶೀಲನೆಯಲ್ಲಿ ಪ್ರಶ್ನೆಗೊಳಗಾಗಿವೆ. ಮೇಲ್ಕಣಿವೆಯ ಕಾಡುಸೀಮೆಗೆ ನರಸೀಪುರದ ಕಾಲವನ್ನು ಎರವಲು ತರುವುದೂ ಸಲ್ಲದು. ಅಲ್ಲಿನ ಬೇಸಾಯದ ವಯಸ್ಸನ್ನು ಅಲ್ಲಿಯ ಮಣ್ಣಿನಲ್ಲಿ ಸಿಕ್ಕ ಕಾಳೇ ಹೇಳಬೇಕು.