ಮೈಸೂರಿನ ದೇವರಾಜ ಮಾರುಕಟ್ಟೆ: ಕಟ್ಟಡ ಮತ್ತು ಜನಜೀವನ

ಮೈಸೂರಿನ ವಾಸ್ತುಪರಂಪರೆಯೆಂದೊಡನೆ ಅರಮನೆಗಳು ನೆನಪಾಗುತ್ತವೆ. ಜನಸಾಮಾನ್ಯರ ನಿತ್ಯದ ಬದುಕಿನೊಡನೆ ಬೆರೆತ ಮಾರುಕಟ್ಟೆಗಳು ಹಿಂದೆ ಸರಿಯುತ್ತವೆ. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಅದರ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಇಂಥ ರಚನೆಗಳು ಕಾಲಕಾಲದ ದುರಸ್ತಿಯನ್ನು ಅಪೇಕ್ಷಿಸುತ್ತವೆ. ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ. ಸಿಮೆಂಟಿನ ಲೇಪ ಅದನ್ನು ಒಳಗೇ ತಡೆದು ಗೋಡೆಯನ್ನು ಶಿಥಿಲಗೊಳಿಸುತ್ತದೆ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತರಾದರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರದ್ವಾರದ ಭಾಗ ಬಿದ್ದಿತು. ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆಂಬ ವಾದವೂ ಜೀರ್ಣೋದ್ಧಾರವೇ ಸಾಧುವೆಂಬ ವಾದವೂ ಆಗ ಎದುರುಬದುರಾದವು. ಪ್ರಾಣಾಪಾಯದ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ಆದರೆ ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು, ಅರಿಸಿನ-ಕುಂಕುಮಗಳಿಗೆ ಬೇರೆ ಬೇರೆ ಸಾಲುಗಳಿರುವ ಈ ವ್ಯವಸ್ಥೆ ಹಬ್ಬ, ಮದುವೆ, ವ್ರತಗಳ ಅಗತ್ಯಕ್ಕೆ ಹೊಂದಿಕೊಂಡು ಬೆಳೆದದ್ದು. ಕಟ್ಟಡದ ಹೊರರೂಪವನ್ನು ನಕ್ಷೆಯ ನೆರವಿನಿಂದ ಮತ್ತೆ ಕಟ್ಟಬಹುದು. ವ್ಯಾಪಾರಿಗೂ ಗಿರಾಕಿಗೂ ತಲೆಮಾರುಗಳಿಂದ ಬಂದ ನಂಟನ್ನು ಹಾಗೆ ಕಟ್ಟಲಾಗದು. ಆದಕಾರಣ ಕಟ್ಟಡದ ಅಳತೆಯೊಂದಿಗೆ ಮಳಿಗೆಗಳ ಸಾಲು, ಕಸುಬು, ವ್ಯವಹಾರದ ನುಡಿ ಇವುಗಳ ದಾಖಲೀಕರಣವೂ ನಡೆಯಬೇಕು. ಯಾವ ನಿರ್ಧಾರಕ್ಕಾದರೂ ಅದು ಆಧಾರವಾಗಬೇಕು.