ತೆರೆಯ ಮೇಲಿನ ಪಾಠ

ಕಂಪ್ಯೂಟರಿನ ತೆರೆಯ ಮೇಲೆ ನಡೆಯುವ ಕೆಲಸವನ್ನು ನಡೆಯುವಂತೆಯೇ ಚಿತ್ರವಾಗಿ ಹಿಡಿದು, ಅದಕ್ಕೆ ಅಧ್ಯಾಪಕನ ಮಾತನ್ನು ಹೊಂದಿಸಿ, ದೂರದ ವಿದ್ಯಾರ್ಥಿಗೆ ಪಾಠವಾಗಿ ಒದಗಿಸುವ ಸ್ಕ್ರೀನ್ ರೆಕಾರ್ಡಿಂಗ್ ಪದ್ಧತಿಯು ಈಚಿನದೆಂದು ತೋರಿದರೂ, ಅದರ ಮೂಲವನ್ನು ಅರಸುವವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನೆರೆದಿದ್ದ ವಿದ್ವತ್ಸಭೆಯವರೆಗೂ ಹೋಗಬೇಕಾಗುತ್ತದೆ. ಅಂದು ಕಂಪ್ಯೂಟರ್ ಸಂಶೋಧಕರಾದ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ವೇದಿಕೆಯ ಮೇಲೆ ಕುಳಿತು, ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕಿನಲ್ಲಿದ್ದ ತಮ್ಮ ಯಂತ್ರವನ್ನು ಆ ವೇದಿಕೆಯಿಂದಲೇ ನಡೆಸುತ್ತ, ಅದರ ವ್ಯಾಪಾರವನ್ನೆಲ್ಲ ಬೃಹತ್ತಾದ ತೆರೆಯ ಮೇಲೆ ಮೂಡಿಸಿ, 90 ನಿಮಿಷಗಳ ಕಾಲ ಮಾತಿನೊಡನೆ ತೋರಿಸಿದರು. ಮೌಸ್ ಎಂಬ ಸಾಧನವನ್ನು ಸಭಿಕರಲ್ಲಿ ಬಹುಮಂದಿ ಮೊದಲು ಕಂಡುದು ಅಂದೇ. ತೋರುವ ಕೈಯೂ ವಿವರಿಸುವ ಧ್ವನಿಯೂ ಏಕಕಾಲದಲ್ಲಿ ಸಾಗಿದ ಆ ಪ್ರದರ್ಶನದ ಚಿತ್ರ ಇಂದಿಗೂ ಉಳಿದಿದೆ.

ಅನಂತರದ ಕಾಲು ಶತಮಾನದಲ್ಲಿ ಈ ಕಲೆ ಸಾಮಾನ್ಯರ ಕೈಗೆ ಎಟುಕಲಿಲ್ಲ. ಆಮೇಲೆ ತೆರೆಯನ್ನು ಚಿತ್ರವಾಗಿ ಹಿಡಿಯುವ ತಂತ್ರಾಂಶಗಳಾಗಿ 1990ರ ದಶಕದಲ್ಲಿ ಲೋಟಸ್ ಸಂಸ್ಥೆಯ ಸ್ಕ್ರೀನ್‌ಕ್ಯಾಮ್, ಅನಂತರ ಟೆಕ್‌ಸ್ಮಿತ್ ಸಂಸ್ಥೆಯ ಕ್ಯಾಮ್ಟೇಸಿಯ ಬಂದುವು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಚಿತ್ರಗಳನ್ನು ಹಂಚುವ ಕಷ್ಟವೂ ನೀಗಿತು.

ಈ ಅನುಕೂಲಗಳು ಪಾಠಕ್ಕೆ ಒದಗಿದ ಬಗೆಗೆ ಒಂದು ನಿದರ್ಶನವುಂಟು. ಬಾಸ್ಟನ್ನಿನಲ್ಲಿ ಹಣಕಾಸಿನ ಉದ್ಯೋಗದಲ್ಲಿದ್ದ, ಬಂಗಾಳಿ ಮನೆತನದ ಸಲ್ಮಾನ್ ಖಾನ್ ಅವರು 2004ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿದ್ದ ತಮ್ಮ ಚಿಕ್ಕ ವಯಸ್ಸಿನ ಬಂಧುವೊಬ್ಬಳಿಗೆ ದೂರವಾಣಿಯ ಮೂಲಕ ಗಣಿತ ಹೇಳಿಕೊಡಲು ಮೊದಲಿಟ್ಟರು. ಶಿಷ್ಯರು ಹೆಚ್ಚಿದಾಗ 2006ರಿಂದ ಪಾಠಗಳನ್ನು ಚಿತ್ರವಾಗಿಸಿ ಯೂಟ್ಯೂಬಿಗೆ ಏರಿಸಿದರು. ಕಪ್ಪು ತೆರೆ, ಬಣ್ಣದ ಗೆರೆಗಳು, ಒಂದು ಧ್ವನಿ. ಗುರುವಿನ ಮುಖ ಮಾತ್ರ ಕಾಣದು. ಎದುರಿಗೆ ಕುಳಿತು ಕಲಿಸುವುದಕ್ಕಿಂತ ಈ ಪಾಠಗಳೇ ತಮಗೆ ಮೆಚ್ಚು ಎಂದು ಶಿಷ್ಯರಾಗಿದ್ದ ಬಂಧುಗಳು ತಿಳಿಸಿದರೆಂದು ಖಾನ್ ಅವರೇ ಹೇಳಿಕೊಂಡಿದ್ದಾರೆ. ಇದರಲ್ಲಿ ಅನಾದರವಿಲ್ಲ. ಮೂರನೆಯ ಬಾರಿ ಅದೇ ಸಂದೇಹವನ್ನು ಕೇಳಲು ನಾಚುವ ವಿದ್ಯಾರ್ಥಿಯು ತೆರೆಯ ಮೇಲಿನ ಗುರುವನ್ನು ಬೇಕಾದಲ್ಲಿ ನಿಲ್ಲಿಸಬಲ್ಲನು, ಹಿಂದಕ್ಕೆ ಕರೆಯಬಲ್ಲನು. ಪಾಠದ ಗತಿ ಕಲಿಸುವವನ ಕೈಯಿಂದ ಕಲಿಯುವವನ ಕೈಗೆ ಬಂದುದೇ ಈ ಪದ್ಧತಿಯ ಚರಿತ್ರೆಯಲ್ಲಿ ಯಂತ್ರಗಳಿಗಿಂತ ದೊಡ್ಡ ಸಂಗತಿಯೆಂದು ನನ್ನ ಎಣಿಕೆ.

ಆದರೆ ಕೇಳುವವನ ಮುಖವನ್ನು ಕಾಣದ ಗುರುವಿಗೆ, ಅವನು ಎಲ್ಲಿ ಎಡವಿದನೆಂಬುದು ತಿಳಿಯುವುದು ಹೇಗೆ? ಇದಕ್ಕೆ ನಾನು ಕಂಡ ಅತ್ಯಂತ ವಿವೇಕಯುತವಾದ ಸಮಾಧಾನವು ಮುಂಬಯಿಯ ಐಐಟಿಯಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯದು. ಲಿನಕ್ಸ್, ಲಿಬ್ರೆ ಆಫೀಸ್, ಸೈಲ್ಯಾಬ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕಲಿಸುವ ಅಲ್ಲಿನ ಪಾಠಗಳು ಸುಮಾರು 10 ನಿಮಿಷದವು. ಪಾಠದ ಮಾತನ್ನೆಲ್ಲ ಮೊದಲು ಬರೆದು, ವಿಷಯಜ್ಞರಿಂದಲ್ಲದೆ ಏನೂ ಅರಿಯದ ಹೊಸಬರಿಂದಲೂ ಪರೀಕ್ಷೆ ಮಾಡಿಸಿ, ಆಮೇಲೆಯೇ ಚಿತ್ರಿಸುತ್ತಾರೆ. ತೆರೆಯ ಒಂದು ಪಕ್ಕದಲ್ಲಿ ಪಾಠವನ್ನೂ ಇನ್ನೊಂದು ಪಕ್ಕದಲ್ಲಿ ತಂತ್ರಾಂಶವನ್ನೂ ತೆರೆದುಕೊಂಡು, ಸ್ವಲ್ಪ ನೋಡಿ, ನಿಲ್ಲಿಸಿ, ಅದನ್ನೇ ತಾನೂ ಮಾಡುವುದು ಕಲಿಯುವವನಿಗೆ ವಿಧಿಸಿದ ಕ್ರಮ.

ಈ ಪಾಠಗಳು ಕನ್ನಡದ ಧ್ವನಿಯಲ್ಲಿಯೂ ದೊರೆಯುತ್ತವೆ. ಮುಂದೆ ಉದ್ಯೋಗದಲ್ಲಿ ಎದುರಾಗುವುದು ಇಂಗ್ಲಿಷಿನ ತೆರೆಯೇ ಆದುದರಿಂದ, ತೆರೆಯ ಮೇಲಿನ ಅಕ್ಷರಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿ, ವಿವರಣೆಯನ್ನು ಮಾತ್ರ ಮಾತೃಭಾಷೆಗೆ ತಂದಿರುವರು. ಇದು ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸವಲ್ಲ. ಚಿತ್ರವು ಮೊದಲೇ ಸಿದ್ಧವಾಗಿರುವುದರಿಂದ, ಯಾವ ಮಾತು ಯಾವ ಕ್ಷಣಕ್ಕೆ ಎಂದು ಗುರುತುಮಾಡಿದ ಬರಹವನ್ನು ಮುಂದಿಟ್ಟುಕೊಂಡು, ಬಾಣದ ಗುರುತು ಮುಂದಿನ ಗುಂಡಿಗೆ ಸರಿಯುವುದರೊಳಗಾಗಿ ವಾಕ್ಯ ಮುಗಿಯುವಂತೆ ಓದಬೇಕು. ಮಾತನ್ನು ಮೊಟಕುಗೊಳಿಸಿದರೆ ಅರ್ಥಕ್ಕೆ ಊನ, ಬೆಳೆಸಿದರೆ ಚಿತ್ರ ಕಾಯುವುದಿಲ್ಲ. ಇಂಗ್ಲಿಷಿನ ಪಾಠಕ್ಕೆ ಹೆದರಿ ಹಿಂದೆ ಸರಿಯುತ್ತಿದ್ದ ನಮ್ಮ ಹಳ್ಳಿಯ ಕಾಲೇಜಿನ ವಿದ್ಯಾರ್ಥಿಗಾಗಿ ಈ ಶ್ರಮವನ್ನು ವಹಿಸಿದ ಕನ್ನಡದ ಧ್ವನಿಗಳನ್ನೂ ಅಧ್ಯಾಪಕರ ಸಾಲಿನಲ್ಲಿಯೇ ಎಣಿಸತಕ್ಕದ್ದು.