ಪ್ರೊಫೆಷನಲ್ ರೈಟಿಂಗ್ ‘ಮೈನರ್’ ಎಂದರೇನು? ಅದನ್ನು ಓದಿದರೆ ಎರಡು ಡಿಗ್ರಿ ಸಿಗುತ್ತದೆಯೇ?

‘ಅಮೆರಿಕದಲ್ಲಿ ಓದುವಾಗ ಜೊತೆಗೊಂದು ಮೈನರ್ ತಗೊಂಡರೆ ಎರಡು ಡಿಗ್ರಿ ಸಿಕ್ಕ ಹಾಗೆ.’ ‘ರೈಟಿಂಗ್ ಕೋರ್ಸ್ ಮಾಡಿದವರಿಗೆ ಕೆಲಸ ಗ್ಯಾರಂಟಿ.’ ‘ಈಗ ಎಲ್ಲವನ್ನೂ ಎಐ ಬರೆಯುತ್ತೆ, ಬರವಣಿಗೆ ಕಲಿಯೋದು ದಂಡ.’ ಮಕ್ಕಳನ್ನು ವಿದೇಶಕ್ಕೆ ಕಳಿಸಲು ಹೊರಟ ಮನೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಕೇಳಿಬರುತ್ತದೆ. ಮೊದಲನೆಯದು ತಪ್ಪು. ಎರಡನೆಯದು ಬರೀ ಆಸೆ. ಮೂರನೆಯದಕ್ಕೆ ಮಾತ್ರ ಸ್ವಲ್ಪ ಉದ್ದದ ಉತ್ತರ ಬೇಕು.

ಮೈನರ್ ಎಂದರೆ ಎಷ್ಟು ಓದು?

ಅಮೆರಿಕದ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರಲ್ಲಿ ದೊಡ್ಡ ಪಾಲು ಮುಖ್ಯ ವಿಷಯದ್ದು, ಅಂದರೆ ಮೇಜರ್‌ನದು. ಮೈನರ್ ಹೆಚ್ಚಾಗಿ 15ರಿಂದ 18 ಕ್ರೆಡಿಟ್, ಅಂದರೆ ಐದಾರು ಕೋರ್ಸು. ಕಂಪ್ಯೂಟರ್ ಸೈನ್ಸ್, ಜೀವಶಾಸ್ತ್ರ, ಅರ್ಥಶಾಸ್ತ್ರ ಓದುವವರೂ ಇದನ್ನು ತೆಗೆದುಕೊಳ್ಳಬಹುದು. ಕಾರ್ನೆಗಿ ಮೆಲನ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಮತ್ತು ಸಾಂಟಾ ಬಾರ್ಬರಾ ಕ್ಯಾಂಪಸ್‌ಗಳಲ್ಲಿ ಪ್ರೊಫೆಷನಲ್ ರೈಟಿಂಗ್ ಹೆಸರಿನಲ್ಲೇ ಮೈನರ್ ಇದೆ. ಈ ಎರಡು ಕ್ಯಾಂಪಸ್‌ಗಳಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚುವುದರಿಂದ ಪದವಿಗೆ 180 ಯೂನಿಟ್ ಎಂದಿರುತ್ತದೆ. ಸಂಖ್ಯೆ ದೊಡ್ಡದು ಕಂಡಿತೆಂದು ಓದು ಹೆಚ್ಚು ಎಂದುಕೊಳ್ಳಬೇಡಿ, ಲೆಕ್ಕದ ಅಳತೆಗೋಲು ಬೇರೆ ಅಷ್ಟೇ.

ಮೈನರ್ ಮುಗಿಸಿದರೆ ಅದು ಅಂಕಪಟ್ಟಿಯಲ್ಲಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ದಾಖಲಾಗುತ್ತದೆ. ಪದವಿ ಪತ್ರ ಒಂದೇ. ವೀಸಾ ವಿಷಯದಲ್ಲಂತೂ ಈ ವ್ಯತ್ಯಾಸ ದುಬಾರಿಯಾಗಬಹುದು. ಎಫ್-1 ವೀಸಾದಲ್ಲಿ ಓದಿದವರು ಅಲ್ಲೇ ಕೆಲಸ ಮಾಡಲು ಬಳಸುವ ಓಪಿಟಿ ಅವಕಾಶದಲ್ಲಿ, ಕೆಲಸವು ಮೇಜರ್‌ಗೆ ನೇರವಾಗಿ ಸಂಬಂಧಿಸಿರಬೇಕು. ಜೀವಶಾಸ್ತ್ರದ ಮೇಜರ್ ಇಟ್ಟುಕೊಂಡು, ‘ಮೈನರ್ ರೈಟಿಂಗ್ ಇದೆಯಲ್ಲ’ ಎಂದು ಜಾಹೀರಾತು ಕಂಪನಿಗೆ ಸೇರಲು ಹೊರಟರೆ ಆ ಮೈನರ್ ಕಾಪಾಡುವುದಿಲ್ಲ.

ಅಲ್ಲಿ ಏನು ಕಲಿಸುತ್ತಾರೆ?

ಕಥೆ, ಕವನ ಅಲ್ಲ. ಅದು ಕ್ರಿಯೇಟಿವ್ ರೈಟಿಂಗ್, ಬೇರೆ ವಿಭಾಗ. ಇಲ್ಲಿ ವರದಿ, ಯೋಜನಾ ಪ್ರಸ್ತಾವ, ಯಂತ್ರದ ಕೈಪಿಡಿ, ರೋಗಿಗೆ ಕೊಡುವ ಮಾಹಿತಿ ಪತ್ರ, ವೆಬ್ ಬರಹ, ಸಂಪಾದನೆ ಇವುಗಳ ಅಭ್ಯಾಸ ನಡೆಯುತ್ತದೆ. ಕೆಲವು ಕಡೆ ಇಂಟರ್ನ್‌ಶಿಪ್ಪೂ ಸೇರಿರುತ್ತದೆ. ಪಾಠಕ್ಕಿಂತ ತಿದ್ದಿಸಿಕೊಳ್ಳುವುದೇ ಜಾಸ್ತಿ. ಕರಡು ಬರೆಯಬೇಕು, ಸಹಪಾಠಿಗಳು ಓದಿ ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳಬೇಕು, ಮತ್ತೆ ಬರೆಯಬೇಕು. ಓದುವವರು ಯಾರು, ಓದಿದ ಮೇಲೆ ಅವರು ಏನು ಮಾಡಬೇಕು ಎಂಬ ಎರಡು ಪ್ರಶ್ನೆಯ ಸುತ್ತಲೇ ಆ ತಿದ್ದುಪಡಿ ಸುತ್ತುತ್ತದೆ.

ಇದು ಅಷ್ಟು ದೊಡ್ಡ ವಿಷಯವೇ ಎಂದು ಕೇಳುವವರಿಗೆ ಒಂದು ಸ್ಲೈಡಿನ ಕಥೆ ಹೇಳಬೇಕು.

ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಹಾರಿತು. ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಮೇಲಿದ್ದಾಗಲೇ ಬೋಯಿಂಗ್ ಎಂಜಿನಿಯರುಗಳು ಹಾನಿಯ ಅಂದಾಜು ಮಾಡಿ ನಾಸಾಕ್ಕೆ ಪವರ್‌ಪಾಯಿಂಟ್ ಸ್ಲೈಡುಗಳನ್ನು ಕೊಟ್ಟರು. ಅವುಗಳಲ್ಲೊಂದರ ತಲೆಬರಹ ಓದಿದರೆ, ಪರೀಕ್ಷೆಯ ಅಂಕಿಅಂಶ ಸುರಕ್ಷತೆಯ ಕಡೆಗೇ ವಾಲುತ್ತಿದೆ ಎಂಬ ಭಾವನೆ ಬರುತ್ತಿತ್ತು. ಅದೇ ಸ್ಲೈಡಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಡಿದ ತುಂಡು 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು ಎಂದಿತ್ತು. ಭಾಗಿಸಿ ನೋಡಿ, 640 ಪಟ್ಟು. ಅಂದರೆ ಆ ಪರೀಕ್ಷೆ ಈ ಪೆಟ್ಟಿನ ಬಗ್ಗೆ ಹೆಚ್ಚೇನೂ ಹೇಳಲಾರದು ಎಂಬುದೇ ಮುಖ್ಯ ಸುದ್ದಿ. ಅದು ಎಲ್ಲಕ್ಕಿಂತ ಕೆಳಗಿತ್ತು. ‘ಸಿಗ್ನಿಫಿಕೆಂಟ್’ ಎಂಬ ಪದ ಒಂದೇ ಸ್ಲೈಡಿನಲ್ಲಿ ಬೇರೆ ಬೇರೆ ಅರ್ಥ ಹೊತ್ತು ಐದು ಸಲ ಬಂದಿತ್ತು.

ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು, ಏಳೂ ಮಂದಿ ತೀರಿಕೊಂಡರು. ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದರು. ತನಿಖಾ ಮಂಡಳಿ ತನ್ನ ವರದಿಯಲ್ಲೂ ಆ ವಿಶ್ಲೇಷಣೆಯನ್ನು ಸೇರಿಸಿತು, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡು ಬಳಸುವ ನಾಸಾದ ರೂಢಿಯನ್ನು ಟೀಕಿಸಿತು. ನೌಕೆ ಒಡೆದದ್ದು ಫೋಮ್ ಪೆಟ್ಟಿನಿಂದ, ಸ್ಲೈಡಿನಿಂದಲ್ಲ. ಸ್ಲೈಡು ಚೆನ್ನಾಗಿದ್ದಿದ್ದರೆ ಏಳು ಜೀವ ಉಳಿಯುತ್ತಿತ್ತು ಎಂದೂ ಯಾರೂ ಪ್ರಮಾಣ ಮಾಡಲಾರರು. ಆದರೆ ನಿರ್ಧಾರ ತೆಗೆದುಕೊಳ್ಳಬೇಕಾದವರಿಗೆ ಅಪಾಯ ಕಾಣದಂತೆ ಆ ಬರಹ ಇತ್ತು ಎನ್ನುವುದು ದಾಖಲೆಯಲ್ಲಿದೆ.

ಹಾಗಾದರೆ ಎಐ?

ಮೇಲಿನ ಸ್ಲೈಡಿನಲ್ಲಿ ವ್ಯಾಕರಣ ದೋಷ ಹುಡುಕಿ ಪ್ರಯೋಜನವಿಲ್ಲ. ತಪ್ಪಿದ್ದುದು ಯಾವುದು ಮೊದಲು ಬರಬೇಕು ಎಂಬ ತೀರ್ಮಾನದಲ್ಲಿ. ಚಾಟ್‌ಬಾಟ್ ನಯವಾದ ವಾಕ್ಯ ಕೊಡುತ್ತದೆ, ಕೆಲವೊಮ್ಮೆ ಇಲ್ಲದ ಅಂಕಿಅಂಶವನ್ನೂ ಅಷ್ಟೇ ನಯವಾಗಿ ಕೊಡುತ್ತದೆ. 1920 ಮತ್ತು 3ರ ನಡುವೆ ಇರುವುದು ಗಾಬರಿಪಡಬೇಕಾದ ಅಂತರ ಎಂದು ಗುರುತಿಸಿ, ಅದನ್ನು ತಲೆಬರಹಕ್ಕೆ ಏರಿಸಿ, ಕೆಳಗೆ ಸಹಿ ಹಾಕಲು ವಿಷಯ ಗೊತ್ತಿರುವ ಮನುಷ್ಯ ಬೇಕು. ಬರೀ ತುಂಬುಬರಹದ ಕೆಲಸಗಳು ಕಡಿಮೆಯಾಗಬಹುದು, ನಿಜ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಇದು ಮೇಜರ್‌ಗಿಂತ ಮೈನರ್ ಆಗಿಯೇ ಹೆಚ್ಚು ಬೆಲೆಬಾಳುತ್ತದೆ. ನರ್ಸಿಂಗ್, ಸಾಫ್ಟ್‌ವೇರ್, ಕಾನೂನು ಗೊತ್ತಿದ್ದು ಬರೆಯಲೂ ಬಲ್ಲವರು ಎಲ್ಲ ಕಡೆ ವಿರಳ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್ ಎಂಬ ಹುದ್ದೆಯೇ ಇದೆ.

ನಮ್ಮಲ್ಲಿ ಇದೆಯೇ?

ಮೈನರ್ ಪದ್ಧತಿ ಇದೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ 24 ಮೈನರ್‌ಗೆ ಮೀಸಲು. ಕರ್ನಾಟಕ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಮಾದರಿಗೆ ಹೋಗಿ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಅಣ್ಣನ ಕಾಲದ ನಿಯಮ ತಂಗಿಗೆ ಅನ್ವಯಿಸದೇ ಇರಬಹುದು. ಹಳೆಯ ಫಾರ್ವರ್ಡ್ ನಂಬದೆ, ಸೇರುವ ವರ್ಷದ ಸುತ್ತೋಲೆಯನ್ನೇ ನೋಡಿ.

ಅಮೆರಿಕದಲ್ಲಾಗಲಿ ಇಲ್ಲಾಗಲಿ ಇಂಥ ಕೋರ್ಸಿಗೆ ಹಣ ಕಟ್ಟುವ ಮುಂಚೆ ವಿಭಾಗಕ್ಕೊಂದು ಇಮೇಲ್ ಕಳಿಸಿ: ತರಗತಿಯಲ್ಲಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ, ಕರಡನ್ನು ಯಾರು ಓದುತ್ತಾರೆ, ಎಷ್ಟು ಸಲ ತಿದ್ದಿಕೊಡುತ್ತಾರೆ? ಎಪ್ಪತ್ತು ಜನರ ಕ್ಲಾಸಿನಲ್ಲಿ ಬಹು ಆಯ್ಕೆ ಪ್ರಶ್ನೆಪತ್ರಿಕೆ ಇಟ್ಟು ಬರವಣಿಗೆ ಕಲಿಸುವ ಕಡೆ ಸೇರದಿರುವುದೇ ಒಳಿತು. ನಿಯಮ, ಮಾದರಿಗಳಷ್ಟೇ ಬೇಕಿದ್ದವರಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ 1990ರ ದಶಕದಿಂದಲೂ ಉಚಿತವಾಗಿ ತೆರೆದಿದೆ. ಮೊಬೈಲಿನಲ್ಲೂ ಓದಬಹುದು, ಇಂಗ್ಲಿಷಿನಲ್ಲಿದೆ.